ಸುಮ್ಮನೆ ಬಿದ್ದಿದ್ದ ಉಣ್ಣೆ

ನಮ್ಮೂರಿನ ನಡುಮಧ್ಯೆ ಇರುವ ಗುಂಡಿಗೆ ಎರಡು ಬಾಯಿ. ಒಂದು ಬಾಯಿಗೆ ಉಪ್ಪು ಸುರಿದರೆ ಇನ್ನೊಂದು ಬಾಯಿಂದ ಉಣ್ಣೆ ಬರುತ್ತದೆ. ಉಣ್ಣೆ ತುರುಕಿದರೆ ಉಪ್ಪು ಬರುತ್ತದೆ. ಯಾರು ತೋಡಿದರು ಎಂದು ಕೇಳಬೇಡಿ. ಕೇಳಿದವರಿಗೆಲ್ಲ ನಮ್ಮೂರಲ್ಲಿ ಒಂದೊಂದು ಉತ್ತರ ಸಿಕ್ಕಿದೆ, ಯಾವ ಉತ್ತರದಿಂದಲೂ ಒಂದು ಹರಳು ಉಪ್ಪು ಉದುರಲಿಲ್ಲ. ಗುಂಡಿ ಕಾಣಿಸಿಕೊಂಡ ಬೆಳಿಗ್ಗೆ ಹೆಂಗಸರು ನೀರಿಗೆ ಹೋಗುವ ದಾರಿ ಒಂದಿಷ್ಟು ಸುತ್ತಾಯಿತು, ಅಷ್ಟೆ.

ಅದಕ್ಕೂ ಮುಂಚೆ ಉಪ್ಪು ಬೇಕೆಂದರೆ ಸಾವುಕಾರ ವರದಪ್ಪನ ಜಗಲಿಯ ಕೆಳಗೆ ನಿಲ್ಲಬೇಕಿತ್ತು. ನಮ್ಮದು ಕಂಬಳಿ ನೇಯುವ ಕೇರಿ. ಊರಿಗೆಲ್ಲ ಬೆಚ್ಚಗೆ ಹೊದಿಸಿದವರು ನಾವು, ಆದರೆ ಜಗಲಿ ಹತ್ತುವ ಹಾಗಿಲ್ಲ. ವರದಪ್ಪ ನಮ್ಮ ಉಣ್ಣೆಯನ್ನು ಕೋಲಿನ ತುದಿಯಲ್ಲಿ ಎತ್ತಿ ನೋಡಿ, ಮೂಗು ಸೊಟ್ಟ ಮಾಡಿ, ಉಪ್ಪನ್ನು ಮೇಲಿನಿಂದ ನಮ್ಮ ಸೆರಗಿಗೆ ಸುರಿಯುತ್ತಿದ್ದ. ಅದೇ ಉಣ್ಣೆಯ ಕಂಬಳಿ ಹೊದ್ದು ಮಲಗುವಾಗ ಮಾತ್ರ ಅವನಿಗೆ ಮೈಲಿಗೆ ತಾಕುತ್ತಿರಲಿಲ್ಲ. ಯಜಮಾನ ನಿದ್ದೆಗೆ ಜಾರಿದ ಮೇಲೆ ಶಾಸ್ತ್ರವೂ ಕಣ್ಣು ಮುಚ್ಚುತ್ತದೆಯೇನೋ.

ಗುಂಡಿ ನಮ್ಮನ್ನು ಯಾವ ಕೇರಿ, ಯಾರ ಪೈಕಿ ಎಂದು ಕೇಳಲಿಲ್ಲ. ನನ್ನಣ್ಣ ಬೋರಣ್ಣ ಮೊದಲ ಸಲ ಉಣ್ಣೆ ತುರುಕಿ, ಉಪ್ಪು ಬೊಗಸೆಯಲ್ಲಿ ಎತ್ತಿಕೊಂಡಾಗ ಗುಂಡಿಯ ದಂಡೆಯ ಮೇಲೆ ಕೂತು ಅತ್ತುಬಿಟ್ಟ. “ಕೋಲಿಲ್ಲ ಕಣಮ್ಮಿ ನಿಂಗಿ, ಇದರ ಕೈಯಾಗೆ ಕೋಲಿಲ್ಲ!” ಅಂದ. ಆ ಅಳುವಿಗೆ ನಾನು ಇವತ್ತಿಗೂ ನಗಲಾರೆ. ಆಮೇಲೆ ನಡೆದದ್ದಕ್ಕೆ ನಗುತ್ತೇನೆ.

ಒಳಗೆ ಇದ್ದರೆ ತಾನೆ ಗುಂಡಿ ಆಚೆ ಕೊಡುವುದು? ತುಂಬಬೇಕಲ್ಲ ಯಾರಾದರೂ. ಅದನ್ನು ಹೇಳಿಕೊಡಲು ಶಂಭುಲಿಂಗ ಬಂದ. ಯಾವ ಊರಿನವನೋ, ನುಣ್ಣಗೆ ಬಾಚಿದ ಕ್ರಾಪು, ಬೇಸಿಗೆಯಲ್ಲೂ ಬೆವರದ ಮುಖ. ಗುಂಡಿಯ ಪಕ್ಕದ ಕಲ್ಲಿನ ಮೇಲೆ ನಿಂತು ಭಾಷಣ ಮಾಡಿದ.

“ತುಂಬಿದವರಿಗೆ ಗುಂಡಿಯೇ ಪ್ರತಿಫಲ ಕೊಡುತ್ತದೆ. ಬದಲಿಸಲು ಬಂದವರು ಹಾಕಿದ್ದರಲ್ಲಿ ಪ್ರತಿ ಸಲವೂ ಒಂದು ಚಿಟಿಕೆ ಹಿಡಿದಿಟ್ಟುಕೊಳ್ಳುತ್ತದೆ. ಸಂಜೆಗೆ ಆ ಚಿಟಿಕೆಗಳನ್ನೆಲ್ಲ ತುಂಬಿದವರಿಗೇ ಹಂಚುತ್ತದೆ, ಯಾರ ಪಾಲು ಎಷ್ಟೋ ಅಷ್ಟು. ದಲ್ಲಾಳಿ ಇಲ್ಲ, ಜಗಲಿ ಇಲ್ಲ. ಇನ್ನು ಮೇಲೆ ನೀವೇ ವರದಪ್ಪ!”

“ನಾನ್ಯಾಕಪ್ಪ ವರದಪ್ಪ ಆಗ್ಲಿ? ನಂಗೆ ಅಷ್ಟು ದೊಡ್ಡ ಹೊಟ್ಟೆ ಇಲ್ಲ,” ಅಂದಳು ನನ್ನ ಅತ್ತಿಗೆ ಮಾಳವ್ವ. ಬೋರಣ್ಣನ ಹೆಂಡತಿ ಅವಳು. ಕೇರಿಯಲ್ಲಿ ಅವಳ ಮಗ್ಗಕ್ಕಿಂತ ಜೋರಾಗಿ ಓಡುತ್ತಿದ್ದದ್ದು ಅವಳ ಬಾಯಿ ಒಂದೇ.

ಹಾಕುವುದಕ್ಕೂ ಒಂದು ಕಟ್ಟಳೆ. ಬರೀ ಉಣ್ಣೆ ಹಾಕಿದರೆ ಅದು ಪಾಲಲ್ಲ, ವ್ಯಾಪಾರ. ಪಾಲು ಬೇಕೆಂದರೆ ಉಣ್ಣೆ, ಉಪ್ಪು ಎರಡನ್ನೂ ಬೆಲೆಗೆ ಬೆಲೆ ಸಮನಾಗಿ ಹಾಕಬೇಕು. ನಮ್ಮ ಮನೆಗಳಲ್ಲಿ ಉಪ್ಪೆಲ್ಲಿತ್ತು? ಉಣ್ಣೆಯಲ್ಲಿ ಅರ್ಧ ಅದೇ ಗುಂಡಿಗೆ ಕೊಟ್ಟು ಉಪ್ಪು ಪಡೆದು, ಆ ಉಪ್ಪನ್ನೂ ಉಳಿದ ಉಣ್ಣೆಯನ್ನೂ ಮತ್ತೆ ಅದೇ ಗುಂಡಿಗೆ ಹಾಕಿದೆವು. ಹೀಗೆ ಒಳಗೆ ಕಾಲಿಡುವ ಮುಂಚೆಯೇ ಹೊಸ್ತಿಲಲ್ಲಿ ಚಿಟಿಕೆ ಕೊಟ್ಟೆವು. ಅದನ್ನು ತಿಂದವನು ಶಂಭುಲಿಂಗ. ಅಣ್ಣ ಉಣ್ಣೆ ತುರುಕುವ ಮುಂಚೆಯೇ, ಎಲ್ಲರಿಗಿಂತ ಮೊದಲು ತುಂಬಿದ್ದವನು ಅವನೇ.

ನಿಜ ಹೇಳಬೇಕು, ಚಿಟಿಕೆ ಬಂತು. ಸಂಜೆ ಗುಂಡಿ ಒಂದು ಸಲ ಗೊರಕೆಯಂಥ ಸದ್ದು ಮಾಡಿ, ದಂಡೆಯ ಕಲ್ಲುಗಳ ಮೇಲೆ ಒಬ್ಬೊಬ್ಬರ ಪಾಲನ್ನು ಉಗುಳುತ್ತಿತ್ತು. ಚೂರು ಉಪ್ಪು, ಎಳೆ ಉಣ್ಣೆ. ಕೂತಲ್ಲಿಗೆ ಬಂದ ಉಪ್ಪಿಗೆ ರುಚಿ ಜಾಸ್ತಿ. ಗಂಡಸರು ಮಗ್ಗದಿಂದ ಎದ್ದರು. ಅಣ್ಣನಂತೂ ಹೊಸ ಪಂಚೆ ಉಟ್ಟು ದಂಡೆಯ ಮೇಲೆ ಕಾಲು ಇಳಿಬಿಟ್ಟು ಕೂರುವುದನ್ನೇ ಕಸುಬು ಮಾಡಿಕೊಂಡ. ಏನು ಕೆಲಸ ಎಂದು ಯಾರಾದರೂ ಕೇಳಿದರೆ, “ತುಂಬೋರು ನಾವು,” ಅನ್ನುತ್ತಿದ್ದ, ಮಳೆ ಸುರಿಸುವುದೇ ತಾನು ಅನ್ನುವ ಹಾಗೆ. ಅವನು ನೇಯಲು ಕೂರುತ್ತಿದ್ದ ಮಗ್ಗದ ಕುಣಿಯಲ್ಲಿ ಕೋಳಿ ಕಾವಿಗೆ ಕೂತಿತು. ಹೆಣ್ಣು ನೋಡಲು ಬಂದವರು ಹುಡುಗನಿಗೆ ನೇಯಲು ಬರುತ್ತದಾ ಎಂದು ಕೇಳುವುದನ್ನು ಬಿಟ್ಟು, ಗುಂಡಿಯಲ್ಲಿ ಎಷ್ಟು ಪಾಲು ಎಂದು ಕೇಳತೊಡಗಿದರು. ಪಾಲಿಲ್ಲದ ನೇಕಾರ ಮದುವೆಯಿಲ್ಲದೆ ಉಳಿದ. ಪಾಲಿದ್ದ ಕಡುಸೋಮಾರಿಗೆ ಎರಡು ಸಂಬಂಧ ಬಂತು.

ಮಾಳವ್ವ ಮಾತ್ರ ನೇಯುತ್ತಲೇ ಇದ್ದಳು. ಅವಳ ಅಟ್ಟದಲ್ಲಿ ಒಂದು ದೊಡ್ಡ ತೆಕ್ಕೆ ಕರಿ ಉಣ್ಣೆ ಇತ್ತು. ಅದು ಬಸುರಿ ಮಗಳು ಸಾಕಿಯ ಬಾಣಂತನಕ್ಕೆ ಎತ್ತಿಟ್ಟದ್ದು. ನಮ್ಮೂರಿಗೆ ಚಳಿಗಾಲದಲ್ಲಿ ಕಣಿವೆಯಿಂದ ಒಂದು ಗಾಳಿ ಇಳಿಯುತ್ತದೆ, ಮೂಳೆಗಾಳಿ ಅಂತೀವಿ. ಅದು ಬೀಸುವಾಗ ಹುಟ್ಟಿದ ಕೂಸನ್ನು ಬಟ್ಟೆಯಲ್ಲಿ ಸುತ್ತಿದರೆ ಉಳಿಯುವುದಿಲ್ಲ. ತವರಿನ ಕರಿ ಉಣ್ಣೆಯನ್ನು ಮೊರದ ತುಂಬ ಹರಡಿ ಅದರೊಳಗೆ ಹುದುಗಿಸಬೇಕು. ಹೊಕ್ಕುಳು ಉದುರಿದ ಮೇಲೆ ಅದೇ ಉಣ್ಣೆಯನ್ನು ನೂತು ಕಂಬಳಿ ನೇಯಬೇಕು. ಅಲ್ಲಿಯವರೆಗೆ ಅದನ್ನು ನೂಲುವ ಹಾಗಿಲ್ಲ. ಹುಟ್ಟದ ಕೂಸಿಗೆ ನೇಯ್ದರೆ ಆ ಕಂಬಳಿ ಕೂಸನ್ನು ಹುಡುಕಿಕೊಂಡು ಬೇರೆ ಮನೆಗೆ ಹೋಗುತ್ತದೆ ಅನ್ನುವುದು ನಮ್ಮವರ ಭಯ. ಹಾಗಾಗಿ ಆ ಉಣ್ಣೆ ಸಾಕಿ ಹೆರುವವರೆಗೂ ಅಟ್ಟದಲ್ಲಿ ಸುಮ್ಮನೆ ಬಿದ್ದಿರಬೇಕಾಗಿತ್ತು.

ಆ ಸುಮ್ಮನೆ ಬಿದ್ದಿರುವುದೇ ಅಣ್ಣನ ಕಣ್ಣಿಗೆ ಚುಚ್ಚಿತು.

“ಅಲ್ಲಮ್ಮಿ, ತಿಂಗಳುಗಟ್ಲೆ ಅಟ್ಟದ ಮ್ಯಾಲೆ ಇಲಿಗೆ ಹಾಸಿಗೆ ಆಗೋ ಬದ್ಲು ಗುಂಡಿಯಾಗೆ ದುಡೀಲಿ. ಕೂಸು ಹುಟ್ಟೋ ಹೊತ್ಗೆ ತಕ್ಕಂಡ್ರಾಯ್ತು. ಉಣ್ಣೆಗೆ ಉಣ್ಣೆನೂ ಉಳೀತು, ಬಾಣಂತಿ ಸಾರಿಗೆ ಉಪ್ಪೂ ಆಯ್ತು.”

“ಉಣ್ಣೆ ಎಲ್ಲಾದ್ರೂ ದುಡೀತದಾ? ನಾನು ದುಡಿದ್ರೆ ಉಣ್ಣೆ ಕಂಬಳಿ ಆಯ್ತದೆ,” ಅಂದಳು ಮಾಳವ್ವ.

ಆದರೆ ಪಕ್ಕದ ಮನೆಯ ದೊಳ್ಳವ್ವ ದಿನಾ ಸಂಜೆ ತನ್ನ ಚಿಟಿಕೆಯನ್ನು ಅಂಗೈಯಲ್ಲಿಟ್ಟುಕೊಂಡು ಇವಳ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದಳು. “ಮಾಳೀ, ನಿನ್ ಉಣ್ಣೆಗೆ ಮೈಗಳ್ಳತನ ಕಣೇ,” ಅನ್ನುತ್ತಿದ್ದಳು. ಬೈದರೆ ತಡೆದುಕೊಳ್ಳುವ ಹೆಂಗಸು ಮಾಳವ್ವ, ಮೈಗಳ್ಳತನದ ಮಾತನ್ನು ತಡೆದುಕೊಳ್ಳಲಾರಳು. ಕೊನೆಗೊಂದು ದಿನ ನನ್ನನ್ನೂ ಕರೆದುಕೊಂಡು ಶಂಭುಲಿಂಗನ ಹತ್ತಿರ ಹೋದಳು.

“ಯಾವಾಗ ಕೇಳಿದ್ರೂ ವಾಪಸ್ ಕೊಡ್ತದಾ ಇದು?”

“ಯಾವಾಗ ಕೇಳಿದರೂ ಕೊಡುತ್ತದೆ ತಾಯಿ. ಕೇಳಿದ ಗಳಿಗೆಯಲ್ಲೇ.”

“ನನ್ ಉಣ್ಣೆ ನಂಗೆ?”

“ನಿಮ್ಮ ಪಾಲು ನಿಮಗೆ.”

ಅವನು ಒಂದು ಸುಳ್ಳೂ ಹೇಳಲಿಲ್ಲ. ಇದನ್ನು ಬರೆದಿಟ್ಟುಕೊಳ್ಳಿ, ನಮ್ಮೂರಲ್ಲಿ ಆ ವರ್ಷ ಯಾರೂ ಸುಳ್ಳು ಹೇಳಲಿಲ್ಲ. ಮಾಳವ್ವ ಕರಿ ಉಣ್ಣೆಯಲ್ಲಿ ಅರ್ಧ ಕೊಟ್ಟು ಒಂದು ಬುಟ್ಟಿ ಉಪ್ಪು ಮಾಡಿಕೊಂಡಳು. ಉಳಿದರ್ಧವನ್ನೂ ಆ ಬುಟ್ಟಿಯನ್ನೂ ಗುಂಡಿಗೆ ಇಳಿಸಿದಳು. ಇಳಿಸುವಾಗ ಅವಳ ಕೈ ಒಂದು ಗಳಿಗೆ ಉಣ್ಣೆಯೊಳಗೇ ನಿಂತಿತ್ತು.

ಮೂಳೆಗಾಳಿ ಆ ಸಲ ಬೇಗ ಬಂತು. ಕಣಿವೆಯಾಚೆ ಹಿಮ ಬಿದ್ದಿದೆ, ಅಲ್ಲಿನವರು ಒಂದು ತೆಕ್ಕೆ ಉಣ್ಣೆಗೆ ಎತ್ತು ಕೊಡುತ್ತಿದ್ದಾರೆ ಎನ್ನುವ ಸುದ್ದಿ ನಮಗೆ ತಲುಪಿದ್ದು ತಡವಾಗಿ. ವರದಪ್ಪನಿಗೆ ತಲುಪಿದ್ದು ಮೊದಲು. ಅವನ ಆಳುಗಳು ಕಣಿವೆಯ ನೆತ್ತಿಯಲ್ಲಿ ಕುದುರೆ ಕಟ್ಟಿಕೊಂಡು ಕೂತಿದ್ದರು. ಗುಂಡಿಗೆ ಕಣಿವೆಯಾಚೆಯ ಸುದ್ದಿ ಎಲ್ಲಿಂದ ಗೊತ್ತಾಗಬೇಕು? ಅದಕ್ಕೆ ಗೊತ್ತಿರುವುದು ತನ್ನ ಹೊಟ್ಟೆಯೊಳಗಿನ ಲೆಕ್ಕ ಮಾತ್ರ. ಉಣ್ಣೆ ಕಡಿಮೆಯಾದಷ್ಟೂ ಜಿಪುಣತನ ಮಾಡುತ್ತದೆ, ತುಂಬಿರುವಾಗ ಧಾರಾಳಿ. ಆಗ ಅದು ತುಂಬಿತ್ತು. ಬಿಸಿಲುಗಾಲದ ಬೆಲೆಗೇ ಉಣ್ಣೆ ಕೊಡುತ್ತಾ ಬಾಯಿ ತೆರೆದುಕೊಂಡು ಕೂತಿತ್ತು.

ವರದಪ್ಪನ ಉಪ್ಪಿನ ಗಾಡಿಗಳು ಸಾಲುಗಟ್ಟಿ ಬಂದವು. ಅವನನ್ನು ಬೇಡ ಅನ್ನುವುದಕ್ಕೆ ಗುಂಡಿಗೆ ಬರುತ್ತದೆಯೇ? ನಮ್ಮನ್ನು ಯಾವ ಕೇರಿಯವರೆಂದು ಕೇಳದ ಗುಂಡಿ ಅವನನ್ನೂ ಕೇಳಲಿಲ್ಲ. ಸಮಾನತೆ ಅಂದರೆ ಸಮಾನತೆ. ನಾವು ಮಂಕರಿಯಲ್ಲಿ ತರಬೇಕು, ಅವನು ಗಾಡಿಯಲ್ಲಿ ತರಬೇಕು, ಇಬ್ಬರಿಗೂ ಒಂದೇ ಬಾಯಿ.

ಗಾಡಿ ಸುರಿದಂತೆಲ್ಲ ಇನ್ನೊಂದು ಬಾಯಿಂದ ಉಣ್ಣೆ ಬುಗ್ಗೆಯಂತೆ ಎದ್ದಿತು. ದೊಡ್ಡ ವ್ಯಾಪಾರಕ್ಕೆ ದೊಡ್ಡ ಚಿಟಿಕೆ. ಆ ಸಂಜೆ ಗುಂಡಿ ಉಗುಳಿದ ಉಪ್ಪನ್ನು ನಮ್ಮವರು ಮಡಿಲು ಹಿಡಿದು ತುಂಬಿಕೊಂಡರು. ಮಾರನೆಯ ದಿನ ಗಾಡಿ ಬರುವ ದಾರಿಗೆ ನೀರು ಚಿಮುಕಿಸಿ ರಂಗೋಲಿ ಹಾಕಿದರು. ತಮ್ಮ ಉಣ್ಣೆಯನ್ನು ಹೇರಿಕೊಂಡು ಹೋಗುವ ಎತ್ತುಗಳ ಕೊರಳಿಗೆ ಹೂ ಕಟ್ಟಿ, “ಇನ್ನೊಂದು ಗಾಡಿ! ಇನ್ನೊಂದು ಗಾಡಿ!” ಎಂದು ಕೇಕೆ ಹಾಕಿದರು. ಅಣ್ಣ ಹೆಗಲು ಕೊಟ್ಟು ಮೂಟೆ ಇಳಿಸಿದ. ಕೂಲಿ ಕೊಡಲು ಹೋದರೆ, “ಛೆ ಛೆ, ನಮ್ದೇ ಗುಂಡಿ ಅಲ್ವಾ,” ಅಂದನಂತೆ.

ಮಾಳವ್ವ ದಂಡೆಯ ಮೇಲೆ ಬಗ್ಗಿ ಉಣ್ಣೆಯ ಬಾಯೊಳಗೆ ಇಣುಕಿ ನೋಡಿದಳು. ಎದ್ದವಳೇ ಶಂಭುಲಿಂಗನ ಎದುರು ನಿಂತಳು.

“ಓಯ್ ಸ್ವಾಮೀ, ಒಳಗೆ ಉಣ್ಣೆ ತಳ ಕಾಣ್ತಾ ಅದೆ.”

“ತಳ ಕಾಣುವುದೇ ಇಲ್ಲ ತಾಯಿ. ಕಡಿಮೆಯಾದಷ್ಟೂ ಗುಂಡಿ ಬೆಲೆ ಏರಿಸುತ್ತದೆ, ಎಂದೂ ಪೂರ್ತಿ ಬರಿದಾಗುವುದಿಲ್ಲ. ಅದೇ ಅದರ ಸೌಂದರ್ಯ.”

“ಸೌಂದರ್ಯ ಆಮ್ಯಾಲೆ ನೋಡಾನ. ನಾನು ಹಾಕಿದ್ದು ಒಂದು ತೆಕ್ಕೆಯಾಗೆ ಅರ್ಧ. ಈಗ ಕೇಳಿದ್ರೆ ಎಷ್ಟು ಬತ್ತದೆ?”

“ಉಣ್ಣೆ ಕಡಿಮೆ, ಉಪ್ಪು ತುಂಬಾ ಜಾಸ್ತಿ ಬರುತ್ತದೆ. ಆದರೆ ಈಗ ಯಾಕೆ ತೆಗೆಯುತ್ತೀರಿ? ತೆಗೆಯುವವರೆಗೆ ಅದು ನಷ್ಟವೇ ಅಲ್ಲ. ಬಿಸಿಲು ಬಂದರೆ ಉಣ್ಣೆ ಅಗ್ಗವಾಗುತ್ತದೆ, ಜನ ಉಣ್ಣೆ ತಂದು ಉಪ್ಪು ಒಯ್ಯುತ್ತಾರೆ, ಎಲ್ಲ ಮೊದಲಿನ ಹಾಗೇ ಆಗುತ್ತದೆ. ಇದು ತಾತ್ಕಾಲಿಕ.”

“ನರಿ ಹೊಟ್ಟೇಲಿರೋ ಕೋಳಿ ಕೂಗೋಗಂಟ ಸತ್ತಿಲ್ಲ ಅಂದಂಗಾಯ್ತು,” ಅಂದಳು ಮಾಳವ್ವ. “ನನ್ ಮಗಳು ಹೆರೋದು ಚಳೀಲಿ ಕಣಪ್ಪ. ಬಿಸಿಲು ಬರೋಗಂಟ ತಡಕೋ ಅಂತ ಆ ಕೂಸಿಗೆ ಯಾರು ಹೇಳ್ತಾರೆ, ನೀನು ಹೇಳ್ತೀಯಾ?”

ಅವಳ ಕಣ್ಣು ಆಗ ಅವನ ಹೆಗಲ ಮೇಲೆ ಬಿತ್ತು. ದಪ್ಪನೆಯ ಹೊಸ ಕಂಬಳಿ. ಅವನ ಪಾಲು ಮೊದಲ ಗಾಡಿ ಬರುವ ಮುಂಚೆಯೇ ಆಚೆ ಬಂದಿತ್ತು.

“ನೀನು ತಕ್ಕಂಡ್ಯಲ್ಲ. ನಿಂಗೆ ನಷ್ಟ ಆಗ್ಲಿಲ್ವಾ?”

“ನಾನು ಮುಂಚೆ ತೆಗೆದೆ ತಾಯಿ. ಅದು ಬೇರೆ.”

ಮಾಳವ್ವ ಆ ಕ್ಷಣವೇ ತನ್ನ ಪಾಲು ಕೇಳಿದಳು. ಗುಂಡಿ ಮಾತಿಗೆ ತಪ್ಪಲಿಲ್ಲ. ಒಂದು ಬಾಯಿಂದ ಉಪ್ಪು ಸುರಿಯಿತು, ಸುರಿಯಿತು, ಅವಳ ಮೊಣಕಾಲು ಮುಳುಗುವ ತನಕ ಸುರಿಯಿತು. ಇನ್ನೊಂದು ಬಾಯಿಂದ ಒಂದು ಹಿಡಿ ಕರಿ ಉಣ್ಣೆ ಬಂದು ದಂಡೆಗೆ ಅಂಟಿಕೊಂಡಿತು. ಸೇರಿದ್ದ ಜನ ಹೋ ಎಂದರು. ಒಂದು ಬುಟ್ಟಿ ಹಾಕಿದವಳಿಗೆ ಒಂದು ಗುಡ್ಡೆ! ಶಂಭುಲಿಂಗ ಎರಡೂ ಕೈ ಜೋಡಿಸಿ, “ನೀವು ಗೆದ್ದಿರಿ,” ಅಂದ. ಲೆಕ್ಕ ಹಾಕಿದರೆ ಅದೂ ಸುಳ್ಳಲ್ಲ. ಉಪ್ಪಿನಲ್ಲಿ ಅಳೆದರೆ ಅವಳು ಹಾಕಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಬಂದಿತ್ತು. ಅಟ್ಟದ ಮೇಲೆ ಸುಮ್ಮನೆ ಬಿದ್ದಿದ್ದರೆ ಆ ತೆಕ್ಕೆ ಉಣ್ಣೆಗೆ ಇಂಥ ಎಷ್ಟು ಗುಡ್ಡೆ ಸಿಗುತ್ತಿತ್ತು ಅನ್ನುವ ಲೆಕ್ಕವನ್ನು ಮಾತ್ರ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅವಳು ಆ ಗುಡ್ಡೆಯನ್ನೇ ತಿರುಗಿ ಗುಂಡಿಗೆ ಸುರಿದು ಉಣ್ಣೆ ಕೇಳಿದಳು. ನಾನೂ ಮಂಕರಿ ಹಿಡಿದೆ. ಸುರಿದಷ್ಟೂ ಗುಂಡಿ ಬಿಗಿಯಾಯಿತು. ಕೊನೆಗೆ ಬಂದದ್ದು ಇನ್ನೊಂದು ಹಿಡಿ, ಅದರಲ್ಲೂ ಅರ್ಧ ಬಿಳಿ. ಅಷ್ಟರಲ್ಲಿ ಸಾಕಿಗೆ ಬೆಳಗಿನಿಂದ ಸೊಂಟ ಹಿಡಿಯುತ್ತಿದೆ ಎಂದು ಕೇರಿಯಿಂದ ಕೂಗಿದರು.

ಎರಡು ಹಿಡಿ ಉಣ್ಣೆ ಕೂಸಿನ ಒಂದು ಕಾಲಿಗೂ ಸಾಲದು. ಮಾಳವ್ವ ಮನೆಗೆ ಓಡಲಿಲ್ಲ. ದಂಡೆಯ ಮೇಲೆ ಹತ್ತಿ ನಿಂತು ಕೂಗಿದಳು. “ದೊಳ್ಳೀ! ಪುಟ್ಟಸಿದ್ದೀ! ಎಲ್ಲಾರೂ ಬನ್ರೇ ಇಲ್ಲಿ! ನಿಮ್ ನಿಮ್ ಪಾಲು ತಗೀರೇ. ಉಪ್ಪು ನೀವೇ ಇಟ್ಕಳ್ರೀ, ಹಿಡಿ ಉಣ್ಣೆ ನನ್ ಮಗಳಿಗೆ ಕೊಡ್ರೀ. ಮುಂದ್ಲ ಗಾಡಿ ಬಂದ್ರೆ ಅದೂ ಇರಾಕಿಲ್ಲ!”

ಗಂಡಸರಿಗೆ ಸಿಟ್ಟು ಬಂತು. “ನಾಳೆ ಎಂಟು ಗಾಡಿ ಬತ್ತಾವಂತೆ, ಇವತ್ತು ತಗಿ ಅಂತಾಳೆ ನೋಡು!” ಅಂದ ಒಬ್ಬ. ಅಣ್ಣ ಹೆಂಡತಿಯ ಕೈ ಹಿಡಿದು ಎಳೆದ. “ಮರ್ವಾದೆ ಕಳೀಬ್ಯಾಡ ಇಳೀ. ನಾಳೆ ಒಂದಿನ ಚಿಟಿಕೆ ಬಂದ್ರೆ ಒಂದು ತೆಕ್ಕೆ ಉಣ್ಣೇನೇ ಕೊಂಡುಕೋಬೋದು.”

“ಯಾರತ್ರ ಕೊಂಡ್ಕತೀಯಾ?”

“ಗುಂಡೀಲಿ.”

“ಗುಂಡೀಲಿ ಇರೋದು ಯಾರ್ದು?”

“ನಮ್ದೇ.”

“ಅಂಗಾರೆ ನಿನ್ನದನ್ನ ನೀನು ಕೊಳ್ಳಾಕೆ ನಾಳೆಗಂಟ ಕಾಯ್ತೀಯಾ? ಬಿಡು ಕೈಯ.”

ದೊಳ್ಳವ್ವ ಮೊದಲು ಬಂದಳು. ತನ್ನ ಮಾತು ಹೊರಗೆ ಬರುವ ಮುಂಚೆ ಅವಳು ಮೂಗು ಒರೆಸಿಕೊಂಡಳು. “ಮೈಗಳ್ಳ ಅಂದಿದ್ದೆ ಕಣೇ, ತಪ್ಪಾಯ್ತು,” ಎಂದು ತನ್ನ ಹಿಡಿ ಉಣ್ಣೆ ಮಾಳವ್ವನ ಮಡಿಲಿಗೆ ಹಾಕಿದಳು. ಹಿಂದೆಯೇ ಪುಟ್ಟಸಿದ್ದಿ, ಅವಳ ಅತ್ತೆ, ನಾನು, ಹೀಗೆ ಒಬ್ಬೊಬ್ಬರಾಗಿ ಹೆಂಗಸರು. ಕರಿ, ಕಂದು, ಬೂದು, ಬಿಳಿ. ಕೆಲವು ಗಂಡಂದಿರು ಹೆಂಡತಿಯರ ಹಿಂದೆ ಗೊಣಗುತ್ತಾ ಬಂದರು. ಒಬ್ಬೊಬ್ಬರು ಪಾಲು ತೆಗೆದಂತೆಲ್ಲ ಶಂಭುಲಿಂಗ ಕಲ್ಲಿನ ಮೇಲಿನಿಂದ ಉಳಿದವರಿಗೆ ಧೈರ್ಯ ಹೇಳಿದ. “ಹೋಗುವವರು ಹೋಗಲಿ! ಅವರು ಬಿಟ್ಟಷ್ಟೂ ನಿಮ್ಮ ಪಾಲು ದೊಡ್ಡದಾಗುತ್ತದೆ. ಚಿಟಿಕೆಯೆಲ್ಲ ನಿಮಗೇ!” ಉಳಿದವರ ಮುಖ ಅರಳುತ್ತಾ ಹೋಯಿತು, ಉಳಿದವರ ಸಂಖ್ಯೆ ಕರಗುತ್ತಾ ಹೋಯಿತು. ಕೊನೆಗೆ ಅಣ್ಣ ಒಬ್ಬನೇ ಉಳಿದ. ತಾನು ಗೆದ್ದೆ ಅಂದುಕೊಂಡ.

ನಾವು ಮನೆ ಮುಟ್ಟುವ ಹೊತ್ತಿಗೆ ಗಾಳಿ ಸೂರಿನ ಹುಲ್ಲು ಕೀಳುತ್ತಿತ್ತು. ಬಿಸಿಲು ಇತ್ತು, ಆದರೆ ಸುಣ್ಣ ಬಳಿದ ಹಾಗೆ ಬರೀ ಬೆಳ್ಳಗೆ. ಮಾಳವ್ವ ಮೊರದಲ್ಲಿ ಉಣ್ಣೆ ಹರಡಿದಳು. ತವರಿನ ಕರಿ ಉಣ್ಣೆಯೇ ಆಗಬೇಕು ಎಂದು ಸೂಲಗಿತ್ತಿ ರಾಗ ತೆಗೆದಾಗ, “ಈ ಕೇರೀನೆಲ್ಲಾ ತವರು ಅಂದ್ಕೋ, ಕಣ್ಣು ಮುಚ್ಚಿಕೊಂಡ್ರೆ ಎಲ್ಲಾ ಕರೀನೇ,” ಎಂದು ಬಾಯಿ ಮುಚ್ಚಿಸಿದಳು. ನಡುಮಧ್ಯಾಹ್ನ ಸಾಕಿ ಹೆತ್ತಳು. ಹೆಣ್ಣು ಕೂಸು. ನೀಲಿಗಟ್ಟಿದ್ದ ಕೂಸನ್ನು ಉಣ್ಣೆಯೊಳಗೆ ಹುದುಗಿಸಿ ನಾವೆಲ್ಲ ಮೊರದ ಸುತ್ತ ಕೂತೆವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅದು ಒಂದು ಸಲ ಸೀನಿತು. ಮೂಗಿಗೆ ದೊಳ್ಳವ್ವನ ಬಿಳಿ ಉಣ್ಣೆ ಹೋಗಿತ್ತು. ಸೀನಿದ ಮೇಲೆ ಕಿಟಾರನೆ ಕಿರುಚಿತು. ಕಿರುಚಿದ ಮೇಲೆ ಕೆಂಪಾಯಿತು.

ಮಾರನೆಯ ದಿನ ವರದಪ್ಪನ ಗಾಡಿಗಳು ಬಂದವು. ಅಣ್ಣನೊಬ್ಬನದೇ ಪಾಲು ಉಳಿದಿದ್ದ ಗುಂಡಿಯಲ್ಲಿ ಎಷ್ಟಿರುತ್ತದೆ? ಮೊದಲ ಗಾಡಿ ಸುರಿಯುತ್ತಿದ್ದ ಹಾಗೇ ನಾಲ್ಕೆಳೆ ಬಿಟ್ಟು ಇದ್ದಬದ್ದ ಉಣ್ಣೆಯೆಲ್ಲ ಒಂದು ಹಿಡಿಯಾಗಿ ಎದ್ದು ಬಂತು. ಒಂದು ಗಾಡಿ ಉಪ್ಪಿಗೆ ಒಂದು ಹಿಡಿ! ಗಾಡಿಯವನು ಅಣ್ಣನ ಏಳು ತಲೆಮಾರನ್ನೂ ಬೈದು, ಉಳಿದ ಗಾಡಿಗಳನ್ನು ತಿರುಗಿಸಿಕೊಂಡು ಹೋದ. ಆ ಸಂಜೆಯ ಚಿಟಿಕೆ ಪೂರ್ತಿ ಅಣ್ಣನದೇ. ಆಮೇಲಿನ ಸಂಜೆಗಳಲ್ಲಿ ಚಿಟಿಕೆ ಇರಲಿಲ್ಲ, ಯಾರೂ ಬರಲಿಲ್ಲ. ಅವನು ಪಂಚೆಯನ್ನು ಕಿವಿಯವರೆಗೆ ಎಳೆದುಕೊಂಡು ಕೂತೇ ಇದ್ದ, ಗಾಳಿ ಅವನ ಹಲ್ಲುಗಳನ್ನು ಒಂದಕ್ಕೊಂದು ಬಡಿಸುವ ತನಕ. ಕೊನೆಗೆ ತನ್ನ ಪಾಲು ಕೇಳಿದ. ಆಳೆತ್ತರ ಉಪ್ಪು ಬಂತು, ಅದರ ಮೇಲೆ ನಾಲ್ಕು ಎಳೆ ಉಣ್ಣೆ.

ಆ ಎಳೆಗಳನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದ. “ಮೊಮ್ಮಗಳನ್ನ ನೋಡಾನ ಅಂತ ಬಂದೆ,” ಅಂದ.

ಮಾಳವ್ವ ಬಾಗಿಲು ಬಿಟ್ಟು ಸರಿದಳು. ಬೈಯಲಿಲ್ಲ, ಅದೇ ನಮಗೆ ದಿಗಿಲಾದದ್ದು. ಎಳೆಗಳನ್ನು ಇಸಿದುಕೊಂಡು ಕೂಸಿನ ಕಾಲ ಬಳಿ ಸಿಕ್ಕಿಸಿದಳು. ಅಷ್ಟರಲ್ಲಿ ಹೊರಗೆ ಬೀದಿಯಲ್ಲಿ ಶಂಭುಲಿಂಗನ ದನಿ ಕೇಳಿಸಿತು. “ಗುಂಡಿ ಬರಿದಾಗಿದೆ! ಈಗ ಮೊದಲು ತುಂಬಿದವರಿಗೆ ಎಲ್ಲ ಚಿಟಿಕೆಯೂ ಸೇರುತ್ತದೆ! ಇಂಥ ಅವಕಾಶ ಮತ್ತೆ ಬರುವುದಿಲ್ಲ!” ಬಾಗಿಲ ಸಂದಿಯಿಂದ ನೋಡಿದೆ. ಆಚೆ ಮನೆಯ ಇಬ್ಬರು ಗಂಡಸರು ತಾವು ಹೊದ್ದ ಕಂಬಳಿಯನ್ನು ಹಲ್ಲಲ್ಲಿ ಕಚ್ಚಿ ಹರಿದು, ಎಳೆ ಬಿಡಿಸುತ್ತಾ ಗುಂಡಿಯ ಕಡೆ ಓಡುತ್ತಿದ್ದರು.

ತಿರುಗಿ ನೋಡಿದರೆ ಅಣ್ಣನ ಕಣ್ಣು ಕೂಸಿನ ಮೇಲಿರಲಿಲ್ಲ. ಮೊರದ ಮೇಲಿತ್ತು. ಕೂಸಿನ ಬೆನ್ನ ಕೆಳಗೆ, ಪಕ್ಕದಲ್ಲಿ, ತಲೆಯ ಸುತ್ತ ಸುಮ್ಮನೆ ಬಿದ್ದಿದ್ದ ಉಣ್ಣೆಯನ್ನು ಅವನು ಕಣ್ಣಲ್ಲೇ ತೂಗುತ್ತಿದ್ದ. ಬೆರಳುಗಳು ಆಗಲೇ ಅಲುಗುತ್ತಿದ್ದವು.

ಮಾಳವ್ವ ನೋಡಿದಳು. ಕೂಸನ್ನು ಉಣ್ಣೆ ಸಮೇತ ಬಾಚಿ ಎತ್ತಿ ಅವನ ತೋಳಿಗೆ ಹಾಕಿದಳು.

“ಹಿಡಕೋ. ಒಂದು ಕೈ ಅಲ್ಲ, ಎರಡೂ ಕೈಲಿ ಹಿಡಕೋ. ಕತ್ತು ನಿಂತಿಲ್ಲ ಅದಕ್ಕೆ. ಒಂದು ಕೈ ಬಿಟ್ಟೀಯೋ, ಸತ್ತೋಯ್ತದೆ.”

ಅಣ್ಣ ಗೊಂಬೆಯ ಹಾಗೆ ನಿಂತುಬಿಟ್ಟ. ಹೊರಗೆ ಕೂಗು ದೂರ ಹೋಯಿತು, ಮತ್ತೆ ಹತ್ತಿರ ಬಂತು. ಅವನ ಕಾಲು ಒಂದು ಸಲ ಬಾಗಿಲ ಕಡೆ ತಿರುಗಿತು, ಕೈ ಬಿಡಲಾಗದೆ ಮತ್ತೆ ಹಿಂದಕ್ಕೆ ತಿರುಗಿತು. ಅಷ್ಟರಲ್ಲಿ ಕೂಸು ಅವನ ಹೊಸ ಪಂಚೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು. ಎಷ್ಟೋ ದಿನದಿಂದ ಮರಗಟ್ಟಿದ್ದ ಆ ಮೈಗೆ ಅದು ಬಿಸಿಯಾಗಿ ಇಳಿದಿರಬೇಕು.

“ಬೆಚ್ಚಗದೆ,” ಅಂದ ಅಣ್ಣ, ಯಾರಿಗೋ ಹೇಳುವ ಹಾಗೆ.

“ಬಾಗಿಲು ಹಾಕಮ್ಮಿ ನಿಂಗಿ,” ಅಂದಳು ಮಾಳವ್ವ. ಅಣ್ಣನ ಮಗ್ಗದಲ್ಲಿ ಮತ್ತೆ ಕಾವಿಗೆ ಕೂತಿದ್ದ ಕೋಳಿಯನ್ನು ಎಬ್ಬಿಸಿ ಆ ಕುಣಿಗೆ ಇಳಿದಳು.